ಬ್ಯಾಗಿನಲ್ಲಿದ್ದ ಮನೆ

ಫೋನು ಕೆಳಗಿಟ್ಟ ಮೇಲೂ ತನ್ನ ಬಾಯಿಂದ ಬಂದ ಮಾತನ್ನು ಅವಳಿಗೆ ನಂಬಲಾಗಲಿಲ್ಲ. ‘ಈಗಷ್ಟೇ ಬಂತು ನೋಡಿ, ಅಂಚೆಯವನು ಆ ಕಡೆ ಹೋದ, ನಿಮ್ಮ ಫೋನು ಬಂತು.’ ಇಷ್ಟು ಸಲೀಸಾಗಿ, ಪಾಪದ ಅಂಚೆಯವನನ್ನೂ ಜೊತೆಗೆಳೆದುಕೊಂಡು ಸುಳ್ಳು ಹೇಳಬಲ್ಲೆ ಎಂಬುದು ಅರವತ್ತೊಂದು ವರ್ಷದಿಂದ ಅವಳಿಗೇ ಗೊತ್ತಿರಲಿಲ್ಲ. ಒಲೆಯ ಮೇಲಿನ ಹಾಲು ಇನ್ನೇನು ಉಕ್ಕುವುದರಲ್ಲಿತ್ತು, ಆರಿಸಿದಳು. ಕೈ ಒರೆಸಿಕೊಂಡಳು. ಒರೆಸಿದ ಕೈಯನ್ನೇ ಇನ್ನೊಮ್ಮೆ ಒರೆಸಿಕೊಂಡಳು. ಕಿಟಕಿಯಾಚೆ ಪಕ್ಕದ ಮನೆಯಾಕೆ ಹೊದಿಕೆಗಳನ್ನು ಬಿಸಿಲಿಗೆ ಹರವುತ್ತ ಏನೋ ಗುನುಗುತ್ತಿದ್ದಳು. ಸೋಮವಾರ ಬೆಳಗಿನ ಹತ್ತು ಗಂಟೆಗೆ ಜಗತ್ತು ಹೇಗಿರಬೇಕೋ ಹಾಗೆಯೇ ಇತ್ತು, ಊಟದ ಮೇಜಿನ ಕುರ್ಚಿಗೆ ನೇತುಹಾಕಿದ್ದ ಅವಳ ಕಂದು ಬ್ಯಾಗೊಂದನ್ನು ಬಿಟ್ಟು. ಅದರೊಳಗೆ ಶುಕ್ರವಾರದಿಂದ ಒಂದು ದಪ್ಪ ಲಕೋಟೆ ಮಲಗಿತ್ತು. ಅದು ಅವಳದಲ್ಲ.

ತಂಗುಮನೆಯ ಮೇಲ್ವಿಚಾರಕಿ ಫೋನಿನಲ್ಲಿ ಹೇಳಿದ್ದು ಇಷ್ಟು. ವಸತಿ ಕಚೇರಿಯಿಂದ ಎರಡು ಕುಟುಂಬಗಳಿಗೆ ಮನೆ ಮಂಜೂರಾದ ಕಾಗದ ಬಂದಿದೆ. ಇವತ್ತು ಹನ್ನೆರಡು ಗಂಟೆಯೊಳಗೆ ಮನೆಮಂದಿಯೆಲ್ಲ ಬಂದು ಸಹಿ ಹಾಕಬೇಕು, ತಪ್ಪಿದರೆ ಪಟ್ಟಿಯಲ್ಲಿ ಮುಂದಿನವರಿಗೆ. ಬೇಕರಿಯಲ್ಲಿ ಕೆಲಸ ಮಾಡುವ ಆ ತಾಯಿ, ಅವಳ ಎರಡು ಹೆಣ್ಣುಮಕ್ಕಳು, ಅವರದೂ ಬಂದಿರಬೇಕಲ್ಲ? ‘ನಿಮ್ಮನೆ ವಿಳಾಸಕ್ಕೆ ತಾನೆ ಮೇಡಂ ಬರೋದು?’ ಹೌದು, ಅವಳ ಮನೆಯ ವಿಳಾಸಕ್ಕೇ. ಮನೆಯಿಲ್ಲದವರನ್ನು ಒಂದು ತಂಗುಮನೆಯಲ್ಲಿ ಮೂರು ತಿಂಗಳಿಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಅಲೆಯುವುದರಲ್ಲಿ ಅವರ ಕಾಗದಗಳು ದಾರಿ ತಪ್ಪಿ ಎಲ್ಲೋ ಬೀಳುತ್ತಿದ್ದವು. ಅದಕ್ಕೇ ಎರಡು ವರ್ಷದ ಹಿಂದೆ ಅವಳು ತನ್ನ ವಿಳಾಸ ಕೊಟ್ಟಳು. ಈಗ ಹನ್ನೊಂದು ಜನರ ಪತ್ರ ಅವಳ ಬಾಗಿಲಿಗೆ. ‘ಇಷ್ಟೂ ಜನ ಎಲ್ಲಿ ಮಲಗ್ತಾರೆ ಮೇಡಂ?’ ಎಂದು ಅಂಚೆಯವನು ಕಿಚಾಯಿಸುತ್ತಿದ್ದ. ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತನಾಗಿದ್ದ ಅವಳ ಗಂಡನಂತೂ ‘ನಮ್ಮದು ಮನೆಯಲ್ಲಪ್ಪ, ನಿಲ್ದಾಣ’ ಎಂದು ಬಂದವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದ.

ಶುಕ್ರವಾರ ಲಕೋಟೆ ಕೈಗೆ ಬಂದಾಗಲೇ ಅವಳಿಗೆ ಗೊತ್ತಾಗಿತ್ತು. ಶಾಲೆಯ ಕಚೇರಿಯಲ್ಲಿ ಮೂವತ್ತೆರಡು ವರ್ಷ ಗುಮಾಸ್ತೆಯಾಗಿ ಸವೆದ ಬೆರಳು ಅವು. ಇಲ್ಲ ಎನ್ನುವ ಕಾಗದ ತೆಳ್ಳಗೆ, ಹೌದು ಎನ್ನುವುದು ದಪ್ಪಗೆ ಎಂಬುದು ಅವಕ್ಕೆ ಗೊತ್ತು. ರಿಜಿಸ್ಟರ್ ಅಂಚೆಯ ಚೀಟಿಗೆ ಸಹಿ ಹಾಕಿದಳು. ಬೇರೆಯವರ ಕಾಗದ ಒಡೆಯುವ ಜಾಯಮಾನ ಅವಳದಲ್ಲ. ತಂಗುಮನೆ ಮೂರು ಬೀದಿಯಾಚೆ, ಚಪ್ಪಲಿ ಮೆಟ್ಟಿ ಹೊರಟರೆ ಕಾಲು ಗಂಟೆ. ಹೊರಟೂ ಇದ್ದಳು, ಗೇಟಿನವರೆಗೆ. ಅಲ್ಲಿ ನಿಂತಾಗ ಮನಸ್ಸಿನಲ್ಲೊಂದು ಚಿತ್ರ ಎದ್ದಿತು. ಮಂಗಳವಾರ ಸಂಜೆ, ಅವಳು ವಾರಕ್ಕೊಮ್ಮೆ ಹೋಗಿ ಎಲ್ಲರ ಅರ್ಜಿಗಳನ್ನು ತುಂಬಿಕೊಡುವ ಹೊತ್ತು, ಸಭಾಂಗಣದ ತುಂಬ ಜನ. ಅವಳು ಬ್ಯಾಗಿಗೆ ಕೈಹಾಕಿ ಲಕೋಟೆ ತೆಗೆಯುತ್ತಾಳೆ. ತಾಯಿ ಒಡೆದು ಓದುತ್ತಾಳೆ. ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಮತ್ತು ಆ ದೊಡ್ಡ ಹುಡುಗಿ, ಹದಿನಾರು ವರ್ಷದ, ಕತ್ತಿಯಂಥ ನಾಲಿಗೆಯವಳು, ಒಂದೇ ಒಂದು ಸಲ ತನ್ನನ್ನು ಕಣ್ಣರಳಿಸಿ ನೋಡುತ್ತಾಳೆ. ಹೋದ ಚಳಿಗಾಲದಲ್ಲಿ ಅವಳು ತನ್ನದೊಂದು ಕೋಟನ್ನು ಒಗೆದು, ಗುಂಡಿ ಹೊಲಿದು ಆ ಹುಡುಗಿಗೆಂದು ಕೊಂಡೊಯ್ದಿದ್ದಳು. ಹುಡುಗಿ ಅದನ್ನು ಮೈಗೆ ಹಿಡಿದು ನೋಡಿ, ‘ಚೆನ್ನಾಗಿದೆ ಆಂಟಿ, ಇದರೊಳಗೆ ನಾವು ಮೂರೂ ಜನ ಇರಬಹುದು, ಬೇರೆ ಮನೆ ಹುಡುಕೋ ತೊಂದರೆ ತಪ್ಪಿತು’ ಅಂದುಬಿಟ್ಟಳು. ಸಭಾಂಗಣಕ್ಕೆ ಸಭಾಂಗಣವೇ ನಕ್ಕಿತು. ಅವಳೂ ನಕ್ಕಳು, ಕಿವಿ ಬಿಸಿಯಾಗುತ್ತಿದ್ದರೂ. ಮಂಗಳವಾರಕ್ಕೆ ಇನ್ನು ನಾಲ್ಕೇ ದಿನ ಎಂದುಕೊಂಡು ಗೇಟಿನಿಂದ ಹಿಂದಿರುಗಿದ್ದಳು.

‘ರೀ, ಕಾರು ತೆಗೀರಿ!’

ಗಂಡ ಪತ್ರಿಕೆಯಿಂದ ತಲೆಯೆತ್ತಿದ. ‘ಯಾರಿಗೇನಾಯ್ತೇ?’

‘ಮೊದಲು ತೆಗೀರಿ, ಆಮೇಲೆ ಹೇಳ್ತೀನಿ. ಬೇಕರಿ, ಅಲ್ಲಿಂದ ಸ್ಕೂಲು, ಅಲ್ಲಿಂದ ವಸತಿ ಕಚೇರಿ.’

‘ಮೂರು ಸ್ಟಾಪು’ ಎಂದ ಗಂಡ, ತನಗೆ ಅರ್ಥವಾಗುವ ಭಾಷೆಯಲ್ಲಿ. ಒಂದು ಕಾಲಿಗೆ ಚಪ್ಪಲಿ ಇನ್ನೊಂದಕ್ಕೆ ಬೂಟು ಮೆಟ್ಟಿ ಹೊರಗೆ ಬಂದ, ನೋಡಿಕೊಂಡ, ಮತ್ತೆ ಒಳಗೆ ಹೋದ.

ಕಾರಿನಲ್ಲಿ ಅವಳು ಅರ್ಧ ಹೇಳಿದಳು. ಕಾಗದ ಬಂದಿದೆ, ಹನ್ನೆರಡಕ್ಕೆ ಗಡುವು. ಯಾವಾಗ ಬಂತೆಂದು ಅವನು ಕೇಳಲಿಲ್ಲ, ಅವಳು ಹೇಳಲಿಲ್ಲ. ಅವನ ಪಾಡಿಗೆ ಅವನು ಓಡಿಸುತ್ತಿದ್ದ. ಬಸ್ ನಿಲ್ದಾಣ ಕಂಡಲ್ಲೆಲ್ಲ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಗುತ್ತಿತ್ತು. ‘ಯಾರೂ ಹತ್ತಲ್ಲ ರೀ, ನಡೀರಿ!’ ಎಂದು ಅವಳು ರೇಗಿದಳು. ಬ್ಯಾಗನ್ನು ತೊಡೆಯ ಮೇಲಿಟ್ಟು ಎರಡೂ ಕೈಯಲ್ಲಿ ಅಮುಕಿ ಹಿಡಿದಿದ್ದಳು, ಒಳಗಿದ್ದದ್ದು ಕೂಗಿಕೊಂಡೀತು ಎಂಬಂತೆ. ಕಿಟಕಿಯಲ್ಲಿ ಬಣ್ಣದಂಗಡಿ, ಬೀಗ ರಿಪೇರಿಯವನ ಗೂಡು, ಮುಚ್ಚಿದ ಚಿತ್ರಮಂದಿರ ಹಿಂದೆ ಸರಿದವು, ಮತ್ತು ಇಪ್ಪತ್ತೈದು ವರ್ಷದ ಹಿಂದೆ ಒಂದು ಮಳೆಯ ದಿನ ಶಾಲೆಯ ಕಚೇರಿಯ ಕಿಟಕಿಯಾಚೆ ನಿಂತಿದ್ದ ಒಬ್ಬ ಹೆಂಗಸು ನೆನಪಾದಳು, ಕೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು, ಕೈಹಿಡಿದು ಎಂಟು ವರ್ಷದ ಮಗಳು. ಮಗಳನ್ನು ಶಾಲೆಗೆ ಸೇರಿಸುವ ಅರ್ಜಿಯಲ್ಲಿ ಎಲ್ಲವೂ ಮುತ್ತಿನಂಥ ಅಕ್ಷರದಲ್ಲಿ ತುಂಬಿತ್ತು, ವಿಳಾಸದ ಜಾಗ ಮಾತ್ರ ಖಾಲಿ. ‘ಸದ್ಯಕ್ಕೆ ಎಲ್ಲೂ ಇಲ್ಲ ಮೇಡಂ. ಸಿಕ್ಕಿದ ಮೇಲೆ ಬರೀತೀನಿ.’ ‘ಹಾಗಾದ್ರೆ ಸಿಕ್ಕಿದ ಮೇಲೇ ಬನ್ನಿ.’ ಅರ್ಜಿಯನ್ನು ಕಿಟಕಿಯ ಕೆಳಗಿನ ಸಂದಿಯಿಂದ ವಾಪಸು ತಳ್ಳಿದ್ದಳು. ಕೋಪದಿಂದಲ್ಲ, ಅವತ್ತು ಕೋಪವೇ ಇರಲಿಲ್ಲ, ಸಾಲಿನಲ್ಲಿ ಇನ್ನೂ ನಲವತ್ತು ಜನರಿದ್ದರು. ಆ ಹೆಂಗಸು ಜಗಳ ಮಾಡಿದ್ದರೆ ಇಷ್ಟು ವರ್ಷಕ್ಕೆ ಮರೆತುಹೋಗುತ್ತಿತ್ತೇನೋ. ‘ಆಗಲಿ ಮೇಡಂ, ಥ್ಯಾಂಕ್ಸ್’ ಎಂದು ಅರ್ಜಿಯನ್ನು ಮಗಳ ಅಂಗಿಯೊಳಗೆ ನೆನೆಯದಂತೆ ಇಟ್ಟು ಹೊರಟುಹೋಗಿದ್ದಳು. ಆ ಥ್ಯಾಂಕ್ಸನ್ನು ಏನು ಮಾಡಬೇಕೆಂದು ಇವತ್ತಿಗೂ ತಿಳಿದಿಲ್ಲ. ಆ ಹುಡುಗಿಗೆ ಈಗ ಮೂವತ್ತು ದಾಟಿರಬೇಕು.

ಬೇಕರಿಯ ಹಿಂಬಾಗಿಲಲ್ಲಿ ತಾಯಿ ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು ನಿಂತಿದ್ದಳು. ಲಕೋಟೆಯನ್ನು ಹಿಟ್ಟಿನ ಕೈಯಲ್ಲಿ ಮುಟ್ಟಲು ಹೆದರಿ, ‘ನೀವೇ ಒಡೀರಿ ಮೇಡಂ, ನೀವೇ ಓದಿ’ ಎಂದಳು. ಅವಳು ಒಡೆದು ಓದಿದಳು. ಎರಡು ಕೋಣೆ, ಅಡುಗೆಮನೆ, ಬಚ್ಚಲು, ಎರಡನೇ ಮಹಡಿ. ತಾಯಿ ಗಲ್ಲಕ್ಕೆ ಕೈಯಿಟ್ಟುಕೊಂಡಳು. ಎರಡೂ ಗಲ್ಲ ಬೆಳ್ಳಗಾದವು. ‘ಬಚ್ಚಲು ನಮ್ಮದೇನಾ? ಬೇರೆಯವರೂ ಬರ್ತಾರಾ?’ ಎಂದಳು. ‘ನಿಮ್ಮದೇ.’ ಆಗ ಮಾಲೀಕ ಒಳಗಿನಿಂದ, ‘ಏನಮ್ಮಾ, ಆ ಕಡೆ ಬ್ರೆಡ್ಡು ಕರಕಲಾಗ್ತಿದೆ!’ ಎಂದು ಅಬ್ಬರಿಸುತ್ತ ಬಂದವನು ಸುದ್ದಿ ಕೇಳಿ ತಾನೇ ಅವಳ ಏಪ್ರನ್ನಿನ ಗಂಟು ಬಿಚ್ಚಿ, ‘ನಿಂತಿದೀಯಲ್ಲ ಇನ್ನೂ, ಓಡು!’ ಎಂದು ದಬ್ಬಿದ. ತಾಯಿ ಓಡಿದಳು. ಕಾರಿನ ಹಿಂದಿನ ಸೀಟೆಲ್ಲ ಹಿಟ್ಟಾಯಿತು. ಬೇರೆ ದಿನವಾಗಿದ್ದರೆ ಗಂಡ ಸೀಟಿಗಾಗಿ ಅರ್ಧ ದಿನ ಗೊಣಗುತ್ತಿದ್ದ.

ಶಾಲೆಯ ಮುಂದೆ ಕಾರು ನಿಂತಾಗ ಹನ್ನೊಂದು ಹತ್ತು. ಹತ್ತು ನಿಮಿಷದ ಕೆಲಸ ಎಂದುಕೊಂಡೇ ಅವಳು ತಾಯಿಯ ಕೈಹಿಡಿದು ತನ್ನ ಹಳೆಯ ಕಚೇರಿಯ ಮೆಟ್ಟಿಲೇರಿದಳು. ಅವಳ ಕುರ್ಚಿಯಲ್ಲಿ ಈಗ ಕನ್ನಡಕದ ಯುವಕನೊಬ್ಬ. ಎದ್ದು ನಿಂತು ನಮಸ್ಕರಿಸಿದ, ಕ್ಷೇಮ ವಿಚಾರಿಸಿದ, ಎಲ್ಲ ಕೇಳಿಕೊಂಡು ಬಹಳ ಸಂತೋಷಪಟ್ಟು ಎರಡು ಹಾಳೆಗಳನ್ನು ಮುಂದಿಟ್ಟ. ‘ಸ್ಕೂಲ್ ನಡುವೆ ಮಕ್ಕಳನ್ನ ಕರ್ಕೊಂಡು ಹೋಗೋ ಅರ್ಜಿ ಮೇಡಂ. ಒಬ್ಬೊಬ್ಬರಿಗೆ ಒಂದೊಂದು.’ ಇಪ್ಪತ್ತೆರಡು ಕಾಲಂ. ಅದರ ಪ್ರತಿ ಗೆರೆಯೂ ಅವಳ ಪರಿಚಯದ್ದು. ಒಂದು ರಜೆಯ ದಿನ ಬಂದು ಸ್ಕೇಲು ಹಿಡಿದು ಅವಳೇ ಎಳೆದ ಗೆರೆಗಳು. ಹೆಡ್ಮಿಸ್ಟ್ರೆಸ್ಸು ‘ಎಷ್ಟು ಅಚ್ಚುಕಟ್ಟು!’ ಎಂದಾಗ ವಾರವಿಡೀ ನೆಲದ ಮೇಲೆ ಕಾಲಿರಲಿಲ್ಲ. ಹನ್ನೊಂದನೇ ಕಾಲಂ: ಈ ಹಿಂದೆ ಹೀಗೆ ಕರೆದೊಯ್ದ ದಿನಾಂಕಗಳು. ಹದಿನಾರನೇ ಕಾಲಂ: ಕರೆದೊಯ್ಯುವ ವಾಹನದ ವಿವರ. ಏಕೆ ಬೇಕಿತ್ತು ವಾಹನದ ವಿವರ? ತಾಯಿ ಒಂದೊಂದೇ ಅಕ್ಷರ ಕೂಡಿಸಿ ಬರೆಯುತ್ತಿದ್ದಳು, ಗೋಡೆಯ ಗಡಿಯಾರ ಮಾತ್ರ ಕೂಡಿಸದೆ ಓಡುತ್ತಿತ್ತು. ‘ಇದೊಂದು ಸಲ ಬಿಟ್ಟುಬಿಡಪ್ಪ’ ಎಂದಳು ಅವಳು. ಯುವಕ ಸಂಕೋಚದಿಂದ ತಲೆ ಕೆರೆದುಕೊಂಡ. ‘ನೀವೇ ಹೇಳಿಕೊಟ್ಟಿದ್ದು ಮೇಡಂ. ಒಂದು ಕಾಲಂ ಖಾಲಿ ಬಿಟ್ರೂ ತಗೋಬೇಡ ಅಂತ.’ ಹೆಡ್ಮಿಸ್ಟ್ರೆಸ್ಸಿನ ಸಹಿ ಆಗಬೇಕು, ಅವರು ಸಭೆಯಲ್ಲಿದ್ದರು. ಸಹಿಯಾಗಿ, ಆರು ವರ್ಷದ ಚಿಕ್ಕವಳನ್ನು ತರಗತಿಯಿಂದ, ದೊಡ್ಡವಳನ್ನು ಆಟದ ಮೈದಾನದ ತುದಿಯಿಂದ ಕರೆಸುವಷ್ಟರಲ್ಲಿ ಹನ್ನೊಂದು ಐವತ್ತು.

‘ಯಾವ ಪುಣ್ಯಾತ್ಮರು ಮಾಡಿದ್ದೋ ಆ ಫಾರಂನ’ ಎಂದಳು ತಾಯಿ, ಕಾರು ಹೊರಟ ಮೇಲೆ, ಬೆವರೊರೆಸಿಕೊಳ್ಳುತ್ತ.

ಗಂಡ ಪಕ್ಕದಲ್ಲಿದ್ದ ಹೆಂಡತಿಯನ್ನೇ ಓರೆಗಣ್ಣಿನಿಂದ ನೋಡಿದ. ಅವನ ಮೀಸೆಯ ಒಂದು ತುದಿ ಕುಣಿಯುತ್ತಿತ್ತು. ‘ರಸ್ತೆ ನೋಡಿ ಓಡಿಸಿ’ ಎಂದಳು ಅವಳು. ಆದರೆ ಅವತ್ತು ಅವನು ಜೀವನದಲ್ಲಿ ಮೊದಲ ಸಲ ಒಂದು ಬಸ್ಸನ್ನು ಹಿಂದೆ ಹಾಕಿದ. ಹಿಂದಿನ ಸೀಟಿನಲ್ಲಿ ಚಿಕ್ಕವಳು, ‘ತಾತಾ, ಇನ್ನೊಂದು! ಇನ್ನೊಂದು ಬಸ್ಸು!’ ಎಂದು ಕೇಕೆ ಹಾಕಿದಳು. ದೊಡ್ಡವಳು ತಾಯಿಯ ಕೈಯಿಂದ ಕಾಗದ ತೆಗೆದುಕೊಂಡು ಓದಿದಳು, ಮಡಿಸಿದಳು, ಬಿಡಿಸಿ ಮತ್ತೆ ಓದಿದಳು.

ವಸತಿ ಕಚೇರಿಯ ಕಿಟಕಿ ಸಂಖ್ಯೆ ನಾಲ್ಕರ ಮುಂದೆ ನಿಂತಾಗ ಹನ್ನೆರಡು ಹದಿನೇಳು. ಕಿಟಕಿಯ ಹಿಂದೆ ಮೂವತ್ತರ ಆಸುಪಾಸಿನ ಹೆಂಗಸು, ಬಿಗಿಯಾಗಿ ಬಾಚಿದ ತಲೆ, ಕಿವಿಯ ಮೇಲೆ ಪೆನ್ಸಿಲು. ಕಡತ ತೆರೆದಳು, ಗಡಿಯಾರ ನೋಡಿದಳು, ಕಡತಕ್ಕೆ ಪಿನ್ನು ಚುಚ್ಚಿದ್ದ ಅಂಚೆಯ ಸ್ವೀಕೃತಿ ಚೀಟಿಯನ್ನು ಬೆರಳಿನಿಂದ ತಟ್ಟಿದಳು. ‘ಶುಕ್ರವಾರ ತಲುಪಿದೆ. ಸಹಿನೂ ಇದೆ. ಮೂರು ದಿನ ಏನಮ್ಮಾ ಮಾಡ್ತಿದ್ರಿ? ಮನೆ ಬೇಕೋ ಬೇಡವೋ ಅಂತ ಯೋಚನೆನಾ?’

ತಾಯಿ ತಬ್ಬಿಬ್ಬಾದಳು. ‘ಶುಕ್ರವಾರ? ಇಲ್ಲ ಮೇಡಂ, ಇವತ್ತೇ ಬಂತಂತೆ…’ ಎಂದು ಅವಳ ಕಡೆ ತಿರುಗಿದಳು. ಅದು ಅನುಮಾನದ ನೋಟವಲ್ಲ, ಸಾಕ್ಷಿಯನ್ನು ಕರೆಯುವ ನೋಟ.

ಚೀಟಿಯ ಮೇಲಿನ ಸಹಿ ಅಲ್ಲಿಂದಲೇ ಕಾಣುತ್ತಿತ್ತು, ಕೊನೆಯಲ್ಲಿ ಬಾಲ ಎಳೆದ ಅವಳ ಅಚ್ಚುಕಟ್ಟಾದ ಸಹಿ. ಅಂಚೆಯವನ ತಲೆಗೆ ಕಟ್ಟಬಹುದಿತ್ತು. ವಯಸ್ಸಾಯಿತು, ಮರೆತೆ ಎನ್ನಬಹುದಿತ್ತು. ಬಿಳಿ ಕೂದಲಿಗೆ ಅಷ್ಟು ರಿಯಾಯಿತಿ ಎಲ್ಲರೂ ಕೊಡುತ್ತಾರೆ. ಎರಡು ಮಾತೂ ನಾಲಿಗೆಯ ತುದಿಯವರೆಗೆ ಬಂದವು. ಹಿಂದೆ ಸಾಲಿನಲ್ಲಿ ಹತ್ತಾರು ಜನ. ಅವಳಿಗೆ ಬೇಕೆನಿಸಿದ್ದೂ ಇಂಥದೇ ಒಂದು ಸಭೆ ತಾನೆ?

‘ಇವರದೇನೂ ತಪ್ಪಿಲ್ಲ’ ಎಂದಳು. ದನಿ ತನ್ನದಲ್ಲ ಎಂಬಂತೆ ಕೇಳಿಸಿತು. ‘ಕಾಗದ ಶುಕ್ರವಾರ ಬಂತು. ನನ್ನ ಬ್ಯಾಗಲ್ಲಿತ್ತು. ನಾಳೆ ಮಂಗಳವಾರ, ಎಲ್ಲರೂ ಸೇರಿರ್ತಾರೆ, ಎಲ್ಲರ ಮುಂದೆ ನಾನೇ ಕೊಡೋಣ ಅಂತ ಇಟ್ಕೊಂಡಿದ್ದೆ. ಬೆಳಿಗ್ಗೆ ಸುಳ್ಳು ಹೇಳಿದೆ.’

ಹಿಂದಿದ್ದ ಗಂಡ ಕೆಮ್ಮಿ, ಕೆಮ್ಮಿದ್ದಕ್ಕೆ ನಾಚಿಕೊಂಡ. ತಾಯಿ ಬಹಳ ಮೆಲ್ಲಗೆ, ‘ಮೂರು ರಾತ್ರಿ ನಾನು ಕಣ್ಣು ಮುಚ್ಚಿಲ್ಲ ಮೇಡಂ’ ಎಂದಳು. ‘ಗುರುವಾರಕ್ಕೆ ನಮ್ಮ ಮೂರು ತಿಂಗಳು ಮುಗಿಯುತ್ತೆ. ಎಲ್ಲಿಗೆ ಹೋಗೋದು ಅಂತ.’ ಹಿಟ್ಟು ಒಣಗಿದ ಆ ಗಲ್ಲಗಳನ್ನು ಅವಳಿಗೆ ನೋಡಲಾಗಲಿಲ್ಲ. ನೆಲ ಬಾಯಿಬಿಟ್ಟರೆ ಸಾಕು ಎನಿಸಿತು. ನೆಲ ಸರ್ಕಾರಿ ನೆಲ, ಗಟ್ಟಿಯಾಗಿಯೇ ಇತ್ತು.

ಆಗ ದೊಡ್ಡವಳು ಕೇಳಿದಳು. ‘ಆಂಟಿ, ಅಂದ್ರೆ ಮೂರು ದಿನದಿಂದ ನಮ್ಮನೆ ನಿಮ್ಮ ಬ್ಯಾಗಲ್ಲಿತ್ತಾ?’

‘ಹೂಂ.’

‘ಈ ಬ್ಯಾಗಲ್ಲಿ? ಎರಡು ಕೋಣೆ, ಅಡುಗೆಮನೆ, ಬಚ್ಚಲು?’

ಚಿಕ್ಕವಳು ತುದಿಗಾಲಲ್ಲಿ ನಿಂತು ಬ್ಯಾಗಿನೊಳಗೆ ಇಣುಕಿ, ‘ಎಲ್ಲಿ?’ ಎಂದಳು. ದೊಡ್ಡವಳ ತುಟಿ ಅದುರಿತು. ಅಳುತ್ತಾಳೆ ಎಂದುಕೊಂಡಳು ಅವಳು. ಹುಡುಗಿ ಫಕ್ಕನೆ ನಕ್ಕಳು, ತಡೆಯಲಾರದೆ ಬಾಯಿಗೆ ಕೈ ಅಡ್ಡಹಿಡಿದು ನಕ್ಕಳು, ಮತ್ತು ಆ ನಗು ಸಾಲಿನುದ್ದಕ್ಕೂ ಹರಿಯಿತು. ಕೊನೆಗೆ ತಾಯಿಯೂ, ಬೇಡ ಬೇಡ ಎಂದುಕೊಂಡೇ, ನಕ್ಕುಬಿಟ್ಟಳು.

‘ಇದು ನಗೋ ವಿಷಯ ಅಲ್ಲ’ ಎಂದಳು ಕಿಟಕಿಯವಳು. ‘ಹನ್ನೆರಡು ಇಪ್ಪತ್ತು. ನಿಯಮ ನಿಯಮವೇ.’

ಆ ಮಾತು ಕೇಳಿದ್ದೇ ಅವಳ ಬೆನ್ನು ನೆಟ್ಟಗಾಯಿತು. ಆ ಭಾಷೆ ಅವಳ ತವರಿನ ಭಾಷೆ. ‘ತಡವಾಯ್ತು ಅಂತ ಷರಾ ಬರೆದಾಗಿದೆಯಾ?’ ಎಂದು ಕೇಳಿದಳು.

‘ಇನ್ನೂ ಇಲ್ಲ. ಯಾಕೆ?’

‘ಸಾಹೇಬರು ಪಟ್ಟಿಗೆ ಸಹಿ ಹಾಕೋದು ಊಟಕ್ಕೆ ಏಳೋ ಮುಂಚೆ. ಅಲ್ಲಿವರೆಗೂ ಗಡಿಯಾರ ಗೋಡೆ ಮೇಲೆ ಇರಲ್ಲಮ್ಮ, ನಿಮ್ಮ ಪೆನ್ನಲ್ಲಿರುತ್ತೆ. ನಾನೂ ಇಂಥದೇ ಕಿಟಕಿ ಹಿಂದೆ ಮೂವತ್ತೆರಡು ವರ್ಷ ಕೂತವಳು. ನನ್ನ ಪೆನ್ನಲ್ಲೂ ಇತ್ತು. ಬೇಕಾದಾಗ ಉಪಯೋಗಿಸಲಿಲ್ಲ.’

ಕಿಟಕಿಯವಳು ಪೆನ್ಸಿಲನ್ನು ಕಿವಿಯಿಂದ ತೆಗೆದಳು, ಮತ್ತೆ ಸಿಕ್ಕಿಸಿಕೊಂಡಳು. ಒಂದು ಖಾಲಿ ಹಾಳೆ ಹೊರಗೆ ತಳ್ಳಿದಳು. ‘ತಡ ಯಾಕಾಯ್ತು ಅಂತ ಬರೆದುಕೊಡಿ. ನಿಮ್ಮ ಕೈಬರಹದಲ್ಲಿ.’ ಅವಳು ನಿಂತಲ್ಲೇ ಬರೆದಳು. ಕಿಟಕಿಯವಳು ಓದಿ ಹುಬ್ಬೇರಿಸಿದಳು. ‘ಎಲ್ಲರಿಂದ ಹೊಗಳಿಸಿಕೊಳ್ಳುವ ಆಸೆಯಿಂದ… ಇದನ್ನೂ ಬರೀಬೇಕಿತ್ತಾ?’

‘ಕಾರಣ ಕೇಳಿದ ಮೇಲೆ ಕಾರಣಾನೇ ಬರೀಬೇಕಲ್ಲ.’

ಹಾಳೆಯನ್ನು ಕಡತಕ್ಕೆ ಸೇರಿಸಿಕೊಂಡು ಕಿಟಕಿಯವಳು ಒಳಗಿನ ಕೋಣೆಗೆ ಹೋದಳು. ಬೆಂಚಿನ ಮೇಲೆ ಕಾಯುತ್ತ ಕೂತರು. ದೊಡ್ಡವಳು ಬಂದು ಅವಳ ಪಕ್ಕದಲ್ಲೇ ಕೂತಳು, ನಡುವೆ ಬ್ಯಾಗಿನಷ್ಟು ಜಾಗ ಬಿಟ್ಟು.

‘ಎಲ್ಲರ ಮುಂದೆ ಕೊಟ್ಟಿದ್ರೆ ನಾನೇನೂ ಅಳ್ತಿರಲಿಲ್ಲ.’

‘ಗೊತ್ತು.’

‘ಅಮ್ಮ ಅಳ್ತಿದ್ಲು.’

‘ಅದೂ ಗೊತ್ತು.’

ಹುಡುಗಿ ತನ್ನ ಬೂಟಿನ ದಾರವನ್ನು ಬಿಚ್ಚಿ ಕಟ್ಟಿದಳು. ‘ನಾನು ಬಚ್ಚಲಿಗೆ ಹೋಗಿ ಅಳ್ತಿದ್ದೆ. ಅಲ್ಲೂ ಹೊರಗಡೆ ಆರು ಜನ ಕಾಯ್ತಿರ್ತಾರೆ, ಬೇಗ ಬೇಗ ಅಳಬೇಕು.’

ಒಳಕೋಣೆಯ ಬಾಗಿಲು ತೆರೆಯಿತು. ಕಿಟಕಿಯವಳ ಮುಖದಲ್ಲಿ ಏನೂ ಕಾಣಲಿಲ್ಲ. ಅವಳ ಬಲಗೈ ಬೆರಳಿನಲ್ಲಿ ಎರಡು ಕೀಲಿಕೈ ತೂಗಾಡುತ್ತಿದ್ದವು.

ಎರಡನೇ ಮಹಡಿ, ಬಲಕ್ಕೆ ಮೂರನೇ ಬಾಗಿಲು. ಒಳಗೆ ಹೊಸ ಸುಣ್ಣದ ವಾಸನೆ, ನೆಲದ ಮೇಲೆ ಕಿಟಕಿಯ ಆಕಾರದ ಬಿಸಿಲು. ಸಾಮಾನು ಎಂದರೆ ಯಾರೋ ಮರೆತುಹೋದ ಒಂದು ಪೊರಕೆ. ಚಿಕ್ಕವಳು ಒಂದು ಕೋಣೆಯಿಂದ ಇನ್ನೊಂದಕ್ಕೆ ಓಡಿ, ಅಲ್ಲಿಂದ ‘ನಾನಿಲ್ಲಿದೀನಿ!’ ಎಂದು ಕೂಗಿ, ಮತ್ತೆ ಈ ಕೋಣೆಗೆ ಬಂದು ‘ಈಗಿಲ್ಲಿದೀನಿ!’ ಎಂದು ಕೂಗಿದಳು. ಗಂಡ ಪ್ರತಿ ನಲ್ಲಿಯನ್ನೂ ತಿರುಗಿಸಿ, ಪ್ರತಿ ಸ್ವಿಚ್ಚನ್ನೂ ಒತ್ತಿ, ಹೊರಡುವ ಮುಂಚೆ ಬಸ್ಸನ್ನು ಪರೀಕ್ಷಿಸುವವನ ಗಾಂಭೀರ್ಯದಲ್ಲಿ ‘ಎಲ್ಲ ಸರಿಯಿದೆ’ ಎಂದು ಘೋಷಿಸಿದ. ತಾಯಿ ಅಡುಗೆಮನೆಯ ನೆಲದ ಮೇಲೆ ಕಾಲು ನೀಡಿ ಕೂತಿದ್ದಳು. ಗೋಡೆಯ ಕಪಾಟಿನ ಬಾಗಿಲನ್ನು ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು. ಒಳಗೆ ಏನೂ ಇರಲಿಲ್ಲ. ಏನು ಬೇಕಾದರೂ ಇಡಬಹುದಿತ್ತು.

‘ಮೇಡಂ, ನಿಮ್ಮ ಮೇಲೆ ನನಗಿನ್ನೂ ಸಿಟ್ಟಿದೆ’ ಎಂದಳು ತಾಯಿ, ಕಪಾಟನ್ನೇ ನೋಡುತ್ತ.

‘ಇರಲಿ. ಇರಬೇಕಾದ್ದೇ.’

‘ಸಂಜೆವರೆಗೂ ಇರುತ್ತೆ.’

‘ಆಗಲಿ.’

‘ಬನ್ನಿ, ಕೂತ್ಕೊಳ್ಳಿ.’ ತಾಯಿ ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟಳು. ಮೊಣಕಾಲು ಹಿಡಿದುಕೊಂಡು ಅವಳು ಕೂತಳು. ನೆಲ ತಣ್ಣಗಿತ್ತು. ಇಬ್ಬರೂ ಸೇರಿ ಖಾಲಿ ಕಪಾಟನ್ನು ನೋಡಿದರು, ಚೆಂದದ ದೃಶ್ಯವೊಂದನ್ನು ನೋಡುವವರ ಹಾಗೆ.

ಆ ಹೊತ್ತಿಗೆ ದೊಡ್ಡವಳು ಪೊರಕೆ ಹಿಡಿದು ಬಾಗಿಲಲ್ಲಿ ನಿಂತಳು. ‘ಆಂಟಿ, ಅಂಕಲ್, ನೀವಿಬ್ಬರೂ ಸ್ವಲ್ಪ ಹೊರಗೆ ಹೋಗಿ.’

‘ಏಯ್, ಏನೇ ಅದು ಮಾತು!’ ಎಂದಳು ತಾಯಿ.

‘ಅಮ್ಮಾ, ಸುಮ್ನಿರು. ಒಂದೇ ನಿಮಿಷ. ಹೋಗಿ ಆಂಟಿ.’

ಹೋದರು. ಬಾಗಿಲು ಮುಚ್ಚಿತು. ಒಳಗಿನಿಂದ ಚಿಲಕ ಬೀಳುವ ಸದ್ದು, ಅದು ಸರಿಯಾಗಿ ಬಿದ್ದಿದೆಯೇ ಎಂದು ಎಳೆದು ನೋಡುವ ಸದ್ದು. ಗಂಡ ಹೆಂಡತಿ ಓಣಿಯಲ್ಲಿ ಮುಖ ಮುಖ ನೋಡಿಕೊಂಡರು. ಒಳಗೆ ಗುಸುಗುಸು, ಚಿಕ್ಕವಳ ತಡೆಹಿಡಿದ ಕಿಸಿಕಿಸಿ ನಗು. ಆಮೇಲೆ ನಿಶ್ಶಬ್ದ. ಯಾರೋ ಕಾಯುತ್ತಿದ್ದಾರೆ, ಆ ಕಡೆ. ಏನನ್ನು ಎಂಬುದು ಅವಳಿಗೆ ತಟ್ಟನೆ ಹೊಳೆಯಿತು. ಕೈಯೆತ್ತಿ ಬಾಗಿಲನ್ನು ಎರಡು ಸಲ ತಟ್ಟಿದಳು.

‘ಯಾರದು?’ ಎಂದಿತು ಒಳಗಿನಿಂದ ದೊಡ್ಡವಳ ದನಿ. ಬಹಳ ಗಟ್ಟಿಯಾಗಿ, ಬಹಳ ದಿನದಿಂದ ಕೇಳಬೇಕೆಂದಿದ್ದ ಪ್ರಶ್ನೆಯಂತೆ.

‘ನಾನು.’

‘ನಾನು ಅಂದ್ರೆ?’

ಏನು ಹೇಳುವುದು? ಅರ್ಜಿ ತುಂಬುವವಳು ಎಂದೇ, ಕೋಟು ಕೊಟ್ಟವಳು ಎಂದೇ, ಕಾಗದ ಬಚ್ಚಿಟ್ಟವಳು ಎಂದೇ? ಪಕ್ಕದಲ್ಲಿ ಗಂಡ ಪರೀಕ್ಷೆಯಲ್ಲಿ ಉತ್ತರ ಹೇಳಿಕೊಡುವ ಹುಡುಗನಂತೆ ಬಾಗಿ ಪಿಸುಗುಟ್ಟಿದ.

‘ನೆಂಟರು’ ಎಂದಳು ಅವಳು. ‘ನೆಂಟರು ಬಂದಿದೀವಿ.’

ಒಳಗೆ ಮತ್ತೆ ಗುಸುಗುಸು. ಪೊರಕೆ ನೆಲಕ್ಕೆ ತಾಗಿದ ಸದ್ದು. ‘ಈಗ ಆಗಲ್ಲ, ಮನೆ ಗುಡಿಸ್ತಿದೀವಿ!’ ಎಂದು ದೊಡ್ಡವಳು ಕೂಗಿದಳು. ನಗುವಿನಲ್ಲಿ ಮಾತು ಮುರಿದುಹೋಯಿತು, ಅಥವಾ ಅಳುವಿನಲ್ಲಿ. ಬಾಗಿಲಿನ ಆಚೆಯಿಂದ ಯಾವುದೆಂದು ಹೇಳುವಂತಿರಲಿಲ್ಲ. ‘ಸ್ವಲ್ಪ ಹೊತ್ತು ಬಿಟ್ಟು ಬನ್ನಿ!’

‘ಆಗಲಮ್ಮ’ ಎಂದಳು ಅವಳು. ಹೃದಯ ಹಗುರಾಗಿ, ಮೆಟ್ಟಿಲಿನ ಮೇಲೆ ಗಂಡನ ಪಕ್ಕ ಹೋಗಿ ಕೂತಳು. ಅವರಿಗೆ ಎಲ್ಲಿಗೂ ಹೋಗುವ ಅವಸರವಿರಲಿಲ್ಲ.